ಮೈಸೂರು, ಹಂಪಿ ಆಯ್ತು. ನಮ್ಮದೇ ರಾಜಧಾನಿ ನೋಡಿದ್ದೀರಾ?

ಈ ಸಲ ಸಂಕ್ರಾಂತಿ ಕಳೆದ ಮೇಲೆ ಮನೆಮಂದಿಯೆಲ್ಲ ಎರಡು ದಿನ ಎಲ್ಲಾದರೂ ಹೋಗಿ ಬರಬೇಕು ಅಂತ ನಮ್ಮ ಮನೆಯಲ್ಲಿ ಮಾತಾಯಿತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯವರ ಪ್ರವಾಸದ ಲೆಕ್ಕ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಮನೆ ಬಿಡುವ ಹಾಗಿಲ್ಲ. ಮಳೆ ನಿಂತ ಕೂಡಲೇ ಅಡಿಕೆ ಕೊನೆ ತೆಗೆಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದರ ನಡುವೆಯೇ ಕಾಫಿ ಹಣ್ಣಾಗುತ್ತದೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಗುತ್ತದೆ, ಆದರೆ ಆ ಬಿಸಿಲಿನಲ್ಲಿ ಎಪ್ಪತ್ತು ದಾಟಿದ ಅಮ್ಮನನ್ನು ಕರೆದುಕೊಂಡು ಹಂಪಿಯ ಬಂಡೆ ಸುತ್ತುವುದು ಆಗದ ಮಾತು. ಉಳಿಯುವುದು ಜನವರಿ ಕೊನೆಯ ಒಂದು ಶನಿವಾರ, ಒಂದು ಭಾನುವಾರ.

ಏಳನೇ ಕ್ಲಾಸಿನ ಮಗಳು ಮೈಸೂರು ಅಂದಳು. ಮೈಸೂರಿಗೆ ನಾವು ಹೋಗಿ ಬಂದು ಎರಡು ವರ್ಷ ಆಗಿಲ್ಲ. ದಸರಾ ಸಮಯದಲ್ಲಿ ಹೋಗಿದ್ದೆವು. ಫೋನಿನಲ್ಲಿ ಮಾತಾಡಿಟ್ಟಿದ್ದ ಲಾಡ್ಜಿನವರು ನಾವು ಮುಟ್ಟುವಾಗ ರೂಮಿಲ್ಲ ಅಂದರು. ಒಂದು ದಿನ ಇಡೀ ರೂಮು ಹುಡುಕುವುದರಲ್ಲಿ, ಗಾಡಿ ನಿಲ್ಲಿಸುವ ಜಾಗ ಹುಡುಕುವುದರಲ್ಲಿ ಹೋಯಿತು. ಅರಮನೆಯ ಸಾಲು ನೋಡಿ ಅಮ್ಮ ಹೊರಗೆ ಮರದ ಬುಡದಲ್ಲೇ ಕೂತರು. ಊರಿಗೆ ಬಂದ ಮೇಲೆ ಪಕ್ಕದ ಮನೆಯವರು ಮೈಸೂರು ಹೇಗಿತ್ತು ಅಂತ ಕೇಳಿದರೆ, "ಕಾಲುನೋವು ಒಂದು ನೆನಪಿದೆ ಮಾರಾಯ್ತಿ" ಅಂದಿದ್ದರು.

ಈ ಸಲ ಅಮ್ಮನನ್ನೇ ಕೇಳಿದೆವು. ಅವರು ಒಂದೇ ಮಾತು ಹೇಳಿದರು: "ನಗರಕ್ಕೆ ಹೋಗಿ ಬರಣ."

"ಯಾವ ನಗರ ಅಜ್ಜಿ?" ಅಂದಳು ಮಗಳು. ಅಜ್ಜಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಅವರ ಪಾಲಿಗೆ ಇರುವುದು ಒಂದೇ ನಗರ.

ಅದು ಹೊಸನಗರ ತಾಲ್ಲೂಕಿನ ನಗರ. ಹಳೇ ಹೆಸರು ಬಿದನೂರು, ಬಿದರೂರು ಅಂತಲೂ ಕರೆಯುತ್ತಿದ್ದರು. ಬಿದಿರು ಬೆಳೆಯುತ್ತಿದ್ದ ಊರು, ಅದಕ್ಕೇ ಸಂಸ್ಕೃತ ಬಲ್ಲವರು ವೇಣುಪುರ ಅಂದರು. ಕೊಪ್ಪದಿಂದ ತೀರ್ಥಹಳ್ಳಿ ದಾಟಿ ಹೋದರೆ ಸುಮಾರು ಎರಡು ಗಂಟೆಯ ದಾರಿ. ನಾವು ಜಿಲ್ಲೆಯ ಸುದ್ದಿ ಕಳಿಸಿ ಹೊಟ್ಟೆ ಹೊರೆಯುವವರು, ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇವೆ. ರಸ್ತೆಬದಿಯಲ್ಲಿ ಕೋಟೆಯ ಗೋಡೆ ಕಾಣುತ್ತದೆ, ಎದುರಿಗೆ ಒಂದಿಷ್ಟು ಅಂಗಡಿ. ಟೀ ಕುಡಿದು ಮುಂದೆ ಹೋಗುತ್ತಿದ್ದೆವು. ಮನೆಮಂದಿಯನ್ನು ಕರೆದುಕೊಂಡು ಹೋಗಬೇಕಾದ ಜಾಗ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

"ಅಲ್ಲಿ ನೋಡಕ್ಕೆ ಎಂತ ಇದೆ?" ಅಂತ ಮಗಳು ಮುಖ ಸಣ್ಣ ಮಾಡಿದಳು. ನಿಜ ಹೇಳಬೇಕೆಂದರೆ ಆ ಪ್ರಶ್ನೆಗೆ ನಮ್ಮ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಹಾಗಾಗಿ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಪ್ರವಾಸದ ಪಟ್ಟಿ ಬರೆಯುತ್ತಾ ಹೋದೆವು. ಪಟ್ಟಿ ಬೆಳೆದ ಹಾಗೆ ಉತ್ತರವೂ ಸಿಗುತ್ತಾ ಹೋಯಿತು.

ಮೊದಲ ಸಂಗತಿ, ಈ ಬಿದನೂರು ಬೇರೆ ಯಾರದೋ ರಾಜಧಾನಿ ಅಲ್ಲ, ನಮ್ಮದು. ಎನ್.ಆರ್.ಪುರದ ಹೆಸರಿನಲ್ಲಿ ಮೈಸೂರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಇದ್ದಾರೆ, ಅದಕ್ಕೂ ಮೊದಲು ಅದು ಯಡೇಹಳ್ಳಿ. ಆದ್ದರಿಂದ ನಮಗೆ ರಾಜಧಾನಿ ಅಂದರೆ ಮೈಸೂರು ಅಂತಲೇ ಅಭ್ಯಾಸ. ಆದರೆ ಈ ಕಡೆಗೆ ಮೈಸೂರಿನ ಆಳ್ವಿಕೆ ಬಂದದ್ದು 1763ರ ನಂತರ. ಅದಕ್ಕೆ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮಲೆನಾಡು ಕೆಳದಿ ಅರಸರದು. ಎನ್.ಆರ್.ಪುರ ತಾಲ್ಲೂಕಿನ ದಾನಿವಾಸದಲ್ಲಿ ಬೇರೆ ಒಡೆಯರಿದ್ದರು, ಅವರನ್ನು ಸೋಲಿಸಿ ಆ ಸೀಮೆಯನ್ನು ಕೆಳದಿಯವರು ಸೇರಿಸಿಕೊಂಡರು. ಕೆಳದಿಯವರು ವೀರಶೈವರು, ಆದರೂ ಶೃಂಗೇರಿ ಮಠಕ್ಕೆ ದತ್ತಿ ಬಿಟ್ಟರು. ನಮ್ಮ ಅಜ್ಜಂದಿರ ಅಜ್ಜಂದಿರು ಕಂದಾಯ ಕಟ್ಟಿದ್ದು, ದೂರು ಹೊತ್ತುಕೊಂಡು ಹೋದದ್ದು ಬಿದನೂರಿಗೆ.

ಪಟ್ಟಿಯಲ್ಲಿ ಬಿದನೂರು ಒಂದೇ ಬರೆದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಈ ಅರಸರದು ಒಂದಲ್ಲ, ಮೂರು ರಾಜಧಾನಿ. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಕೆಳದಿ, ಇಕ್ಕೇರಿ ಎರಡೂ ಸಾಗರದ ಪಕ್ಕದಲ್ಲೇ ಇವೆ.

ಕೆಳದಿಯ ಕಥೆ ಶುರುವಾಗುವುದು 1500ರ ಆಸುಪಾಸಿನಲ್ಲಿ, ಚೌಡಪ್ಪ ಮತ್ತು ಭದ್ರಪ್ಪ ಎಂಬ ಅಣ್ಣತಮ್ಮಂದಿರಿಂದ. ಬೇಸಾಯದ ಮನೆಯ ಹುಡುಗರು. ಹೊಲದಲ್ಲಿ ನಿಧಿ ಸಿಕ್ಕಿತು, ಜೊತೆಗೊಂದು ಕತ್ತಿ ಸಿಕ್ಕಿತು ಅನ್ನುವುದು ಐತಿಹ್ಯ. ನಿಧಿ ತೆಗೆಯಲು ನರಬಲಿ ಬೇಕಾಯಿತಂತೆ. ಆಗ ಮನೆಯ ಇಬ್ಬರು ಆಳುಗಳು, ಯಾದವ ಮತ್ತು ಮುರಾರಿ, ತಾವೇ ಮುಂದೆ ಬಂದರಂತೆ. ತಮ್ಮ ಹೆಸರು ಅರಸರ ಬಿರುದಿನಲ್ಲಿ ಉಳಿಯಬೇಕು ಅಂತ ಕೇಳಿಕೊಂಡರಂತೆ. ಕೆಳದಿ ಅರಸರ ಬಿರುದಿನಲ್ಲಿ 'ಎಡವ ಮುರಾರಿ' ಅಂತ ಇರುವುದು ಅದಕ್ಕೆ ಎಂದು ಹೇಳುತ್ತಾರೆ. ತಾವೇ ಮುಂದೆ ಬಂದರು ಅನ್ನುವ ಭಾಗವನ್ನು ನಾವು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಆಳುಗಳ ಮನೆಯಲ್ಲಿ ಈ ಕಥೆಯನ್ನು ಬೇರೆ ರೀತಿ ಹೇಳುತ್ತಿದ್ದಿರಬಹುದು. ಮಕ್ಕಳಿಗೆ ಹೇಳುವಾಗ ಅದನ್ನೂ ಸೇರಿಸಿ ಹೇಳಬೇಕು ಅಂತ ಪಟ್ಟಿಯ ಅಂಚಿನಲ್ಲಿ ಬರೆದುಕೊಂಡಿದ್ದೇವೆ.

ಕೆಳದಿಯವರು ಆಗ ವಿಜಯನಗರದ ಕೈಕೆಳಗಿನ ನಾಯಕರು. ಸದಾಶಿವ ನಾಯಕನ ಕಾಲಕ್ಕೆ ರಾಜಧಾನಿ ಇಕ್ಕೇರಿಗೆ ಬಂತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಇವರು ನಿಧಾನಕ್ಕೆ ಸ್ವತಂತ್ರರಾದರು. ಇಕ್ಕೇರಿಯಲ್ಲಿ ಇವತ್ತು ಎದ್ದು ಕಾಣುವುದು ಅಘೋರೇಶ್ವರ ದೇವಸ್ಥಾನ. ಒಳಗೆ ನೆಲದ ಮೇಲೆ ಅಡ್ಡಬಿದ್ದ ಅರಸರ ಆಕೃತಿಗಳನ್ನು ಕೆತ್ತಿದ್ದಾರೆ. ದೇವರ ಮುಂದೆ, ಬರುವ ಜನರ ಕಾಲಬುಡದಲ್ಲಿ, ಅರಸ ತನ್ನನ್ನೇ ಕೆತ್ತಿಸಿಕೊಂಡಿದ್ದಾನೆ. ಹೋದವರು ಕಣ್ಣು ಮೇಲೆ ಮಾಡಿ ಕಂಬ, ಚಾವಣಿ ನೋಡುತ್ತಾರೆ. ಸ್ವಲ್ಪ ನೆಲವನ್ನೂ ನೋಡಿ.

ಆ ಇಕ್ಕೇರಿಗೆ 1623ರಲ್ಲಿ ಇಟಲಿಯಿಂದ ಒಬ್ಬ ಪ್ರವಾಸಿ ಬಂದಿದ್ದ. ಹೆಸರು ಪಿಯೆತ್ರೊ ದೆಲ್ಲ ವಲ್ಲೆ. ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರದ ಕಡೆಯಿಂದ ಗೇರುಸೊಪ್ಪೆ ಘಾಟಿ ಹತ್ತಿ ಬಂದ. ಆಗ ವೆಂಕಟಪ್ಪ ನಾಯಕನ ಆಳ್ವಿಕೆ. ದೆಲ್ಲ ವಲ್ಲೆ ತಾನು ಕಂಡದ್ದನ್ನು ಪತ್ರಗಳಲ್ಲಿ ಬರೆದ. ನಮ್ಮ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ಅವನು ಹೇಳುವ ಪ್ರಕಾರ ಇಕ್ಕೇರಿ ದೊಡ್ಡ ಊರೇನೋ ಹೌದು, ಆದರೆ ಮನೆಗಳು ದೂರದೂರ, ಕಟ್ಟಡವೂ ಅಂಥದ್ದೇನಲ್ಲ. ಉದ್ದುದ್ದ ಬೀದಿಗಳು, ಬೀದಿಗೆ ನೆರಳು ಕೊಡುವ ದೊಡ್ಡ ಮರಗಳು, ನಡುನಡುವೆ ಕೆರೆಗಳು, ಹೊಲಗಳು, ತೋಪುಗಳು. ಊರು, ಕೆರೆ, ಹೊಲ, ಕಾಡು ಎಲ್ಲ ಒಂದರೊಳಗೊಂದು ಬೆರೆತ ಹಾಗಿದೆ, ನೋಡಲು ಬಹಳ ಚಂದ ಅನ್ನುತ್ತಾನೆ.

ಇದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಅವನು ವರ್ಣಿಸಿದ್ದು ನಮ್ಮ ಊರನ್ನೇ ಅಲ್ಲವೇ? ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಕೆರೆ, ಒಂದಿಷ್ಟು ಕಾಡು. ಮಲೆನಾಡಿನ ರಾಜಧಾನಿ ಮಲೆನಾಡಿನ ಹಳ್ಳಿಯ ಹಾಗೇ ಇತ್ತು, ದೊಡ್ಡದಾಗಿತ್ತು ಅಷ್ಟೆ. ಹಂಪಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದರು. ಅಲ್ಲಿ ಮಳೆ ಕಡಿಮೆ, ಕಟ್ಟಿದ್ದು ಉಳಿಯಿತು. ಇಲ್ಲಿ ಮಣ್ಣು, ಮರ, ಬಿದಿರು, ಹುಲ್ಲು. ಆಗುಂಬೆ, ಹುಲಿಕಲ್ ಮಳೆಯಲ್ಲಿ ಮಣ್ಣಿನ ಗೋಡೆ ಎಷ್ಟು ವರ್ಷ ನಿಲ್ಲುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಹಂಪಿ ನೋಡುವ ಕಣ್ಣಿನಲ್ಲಿ ಬಿದನೂರು ನೋಡಿದರೆ ಏನೂ ಕಾಣುವುದಿಲ್ಲ. ಇಲ್ಲಿ ನೋಡಬೇಕಾದ್ದು ನೀರು, ದಾರಿ, ಗೋಡೆಯ ಬುಡ, ಮತ್ತೆ ಕಾಗದದ ಲೆಕ್ಕ.

1637ರಲ್ಲಿ ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿತ್ತು. ಊರು ಲೂಟಿಯಾಯಿತು. ಆಗಿದ್ದವನು ವೀರಭದ್ರ ನಾಯಕ. ಬಯಲಿನಲ್ಲಿರುವ ಊರು ಕಾಪಾಡಿಕೊಳ್ಳುವುದು ಕಷ್ಟ ಅಂತ ತಿಳಿದು ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದ. ಬಿದನೂರಿನ ಸುತ್ತ ಗುಡ್ಡ, ಕಾಡು, ಕಣಿವೆ. ಒಳಗೆ ಬರುವ ದಾರಿಗಳನ್ನು ಕಾಯುವುದು ಸುಲಭ. ಇನ್ನೊಂದು ಕಾರಣವೂ ಇತ್ತು. ಅಲ್ಲಿಂದ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಅದರಾಚೆ ಕುಂದಾಪುರದ ಕರಾವಳಿ. ಮೇಲಿನ ಕಾಳುಮೆಣಸು, ಕೆಳಗಿನ ಅಕ್ಕಿ ಎರಡನ್ನೂ ಪೋರ್ಚುಗೀಸರು, ಡಚ್ಚರು ಹಡಗಿಗೆ ತುಂಬುತ್ತಿದ್ದ ಕಾಲ ಅದು. ಘಾಟಿಯ ಬಾಯಲ್ಲಿ ಕೂತವನ ಕೈಯಲ್ಲಿ ವ್ಯಾಪಾರ. ಊರು ಎಷ್ಟು ಬೇಗ ಬೆಳೆಯಿತೆಂದರೆ, ಮನೆಗಳ ಸಂಖ್ಯೆ ಒಂದು ಲಕ್ಷ ಮುಟ್ಟುತ್ತದೆ, ಮುಟ್ಟಿದರೆ ಅದನ್ನು 'ನಗರ' ಅನ್ನಬಹುದು ಅಂತ ಮಾತಾಡಿಕೊಳ್ಳುತ್ತಿದ್ದರಂತೆ. ಲಕ್ಷ ಮನೆ ನಿಜವಾಗಿ ಆಯಿತೋ ಇಲ್ಲವೋ, ನಗರ ಅನ್ನುವ ಹೆಸರು ಮಾತ್ರ ಅಂಟಿಕೊಂಡಿತು.

ಬಿದನೂರಿನ ದೊಡ್ಡ ಹೆಸರು ಶಿವಪ್ಪ ನಾಯಕ. 1645ರಿಂದ 1660ರವರೆಗೆ ಆಳಿದ. ಯುದ್ಧ ಮಾಡಿ ಕರಾವಳಿಯ ಉದ್ದಕ್ಕೂ ರಾಜ್ಯ ಬೆಳೆಸಿದ, ಅದು ಪಾಠದ ಪುಸ್ತಕದಲ್ಲಿ ಇದೆ. ನಮಗೆ ಬೇಕಾದದ್ದು ಅವನ 'ಶಿಸ್ತು'. ಇವತ್ತು ಶಿಸ್ತು ಅಂದರೆ ಶಾಲೆಯಲ್ಲಿ ಮೇಷ್ಟ್ರು ಕೋಲು ಹಿಡಿದು ಹೇಳುವ ಮಾತು. ಆಗ ಶಿಸ್ತು ಅಂದರೆ ಭೂಮಿಯ ಕಂದಾಯ.

ಅವನು ಮಾಡಿದ್ದು ಹೀಗೆ ಅಂತ ಬರೆದಿಟ್ಟಿದ್ದಾರೆ. ಪ್ರತಿ ಊರಿನಲ್ಲಿ ಒಂದೊಂದು ಬಗೆಯ ಮಣ್ಣಿನ ಗದ್ದೆ ಆರಿಸಿದ. ಅದನ್ನು ಹನ್ನೆರಡು ವರ್ಷ ಸರ್ಕಾರದ ಖರ್ಚಿನಲ್ಲೇ ಬೇಸಾಯ ಮಾಡಿಸಿದ. ಬೀಜ ಎಷ್ಟು ಹೋಯಿತು, ಕೆಲಸ ಎಷ್ಟು ಹಿಡಿಯಿತು, ಎಷ್ಟು ಬೆಳೆಯಿತು, ಯಾವ ವರ್ಷ ಧಾರಣೆ ಎಷ್ಟಿತ್ತು, ಎಲ್ಲ ಬರೆಸಿದ. ಆಮೇಲೆ ಹನ್ನೆರಡು ವರ್ಷದ ಸರಾಸರಿ ತೆಗೆದು, ಬೆಳೆಯ ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ಗೊತ್ತುಮಾಡಿದ. ಅಡಿಕೆ ತೋಟಕ್ಕೆ ಮರದ ಎಣಿಕೆಯ ಮೇಲೆ ಕಂದಾಯ. ನೂರೈವತ್ತು ವರ್ಷದ ನಂತರ ಬಂದ ಇಂಗ್ಲಿಷ್ ಅಧಿಕಾರಿಗಳು ಈ ಪದ್ಧತಿಯನ್ನು ಬೆರಗಿನಿಂದ ದಾಖಲಿಸಿದರು.

ಮೂರರಲ್ಲಿ ಒಂದು ಪಾಲು ಕಡಿಮೆ ಏನಲ್ಲ. ಈಗ ಯಾರಾದರೂ ನಮ್ಮ ಅಂಗಳದಲ್ಲಿ ಒಣಗಿದ ಅಡಿಕೆಯಲ್ಲಿ ಮೂರನೇ ಒಂದು ಪಾಲು ಕೇಳಿದರೆ ಬಿಡುತ್ತೇವೆಯೇ? ಆದರೂ ಜನ ಶಿವಪ್ಪ ನಾಯಕನನ್ನು ಒಳ್ಳೆಯ ಹೆಸರಿನಲ್ಲೇ ನೆನೆಯುತ್ತಾರೆ. ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತಿತ್ತು, ಅಧಿಕಾರಿ ಬದಲಾದ ಹಾಗೆ ಮೊತ್ತ ಬದಲಾಗುತ್ತಿರಲಿಲ್ಲ ಅನ್ನುವುದೇ ಅದಕ್ಕೆ ಕಾರಣ ಇರಬೇಕು ಅಂತ ನಮಗನ್ನಿಸುತ್ತದೆ.

ಇದನ್ನು ಓದಿ ಹೇಳುವಾಗ ಅಮ್ಮ ಅಡಿಕೆ ಹೆಕ್ಕುತ್ತಾ ಕೂತಿದ್ದರು. "ಅಪ್ಪಯ್ಯನೂ ಹಾಗೇ ಹೇಳ್ತಿದ್ರು, ನಗರಕ್ಕೆ ಹೋಗಿ ಶಿಸ್ತು ಕಟ್ಟಿ ಬಂದೆ ಅಂತ" ಅಂದರು. ಶಿವಪ್ಪ ನಾಯಕ ಸತ್ತು ಮುನ್ನೂರು ವರ್ಷ ಆಗುವಾಗಲೂ ಒಬ್ಬ ರೈತನ ಬಾಯಲ್ಲಿ ಆ ಪದ ಅದೇ ಅರ್ಥದಲ್ಲಿ ಇತ್ತು. ಅಮ್ಮನ ತವರು ಶರಾವತಿಯ ದಂಡೆಯ ಒಂದು ಹಳ್ಳಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರು ಮುಳುಗಿತು. ಅದು 1964. ಎಂಟು ವರ್ಷದ ಹುಡುಗಿಯಾಗಿ ಗಾಡಿಯ ಮೇಲೆ ಪಾತ್ರೆ ಪಡಗದ ಜೊತೆ ಕೂತು ಬಂದದ್ದು ಅವರಿಗೆ ನೆನಪಿದೆ. ಊರು ನೋಡಲು ಈಗ ಸಾಧ್ಯವಿಲ್ಲ. ಅಪ್ಪನ ಕೈ ಹಿಡಿದುಕೊಂಡು ಒಮ್ಮೆ ಹೋಗಿದ್ದ ನಗರದ ಪೇಟೆಯನ್ನಾದರೂ ನೋಡಬಹುದಲ್ಲ ಅನ್ನುವುದು ಅವರ ಆಸೆ. ಮದುವೆಯಾಗಿ ಐವತ್ತು ವರ್ಷ ಆದರೂ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮಗಳಿಗೆ ಇಷ್ಟವಾದದ್ದು ಚೆನ್ನಮ್ಮನ ಕಥೆ. ಕಿತ್ತೂರು ಚೆನ್ನಮ್ಮ ಬೇರೆ, ಇವರು ಅವರಿಗಿಂತ ನೂರು ವರ್ಷಕ್ಕೂ ಹಿಂದಿನವರು. ಗಂಡ ಸೋಮಶೇಖರ ನಾಯಕ ಕೊಲೆಯಾದ ಮೇಲೆ 1672ರ ಹೊತ್ತಿಗೆ ಆಡಳಿತ ಕೈಗೆ ತೆಗೆದುಕೊಂಡು ಸುಮಾರು ಇಪ್ಪತ್ತೈದು ವರ್ಷ ಆಳಿದರು. 1689ರಲ್ಲಿ ಔರಂಗಜೇಬ ಶಿವಾಜಿಯ ಮಗ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದ. ತಮ್ಮ ರಾಜಾರಾಮ ತಪ್ಪಿಸಿಕೊಂಡು ತಮಿಳು ನಾಡಿನ ಜಿಂಜಿಯ ಕಡೆ ಹೊರಟ. ದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟು ಮುಂದೆ ಸಾಗಿಸಿದವರು ಚೆನ್ನಮ್ಮ. ಇಡೀ ಹಿಂದುಸ್ತಾನ ನಡುಗುತ್ತಿದ್ದ ಬಾದಶಹನ ಸೈನ್ಯ ಇದೇ ಕಾರಣಕ್ಕೆ ಈ ಕಾಡಿನ ಮೇಲೆ ಬಂತು. ಆಕೆ ಎದುರಿಸಿದರು, ಕೊನೆಗೆ ಒಪ್ಪಂದವಾಯಿತು, ರಾಜ್ಯ ಉಳಿಯಿತು. ಮಲೆನಾಡಿನಲ್ಲಿ ಮನೆಬಾಗಿಲಿಗೆ ಬಂದವರನ್ನು ಹೊರಗೆ ಹಾಕುವುದಿಲ್ಲ ಅನ್ನುತ್ತಾರಲ್ಲ, ಈ ಅತಿಥಿ ಮಾತ್ರ ಸ್ವಲ್ಪ ದುಬಾರಿಯವನು. ಆಕೆ ದತ್ತು ತೆಗೆದುಕೊಂಡ ಬಸವಪ್ಪ ನಾಯಕ ಮುಂದೆ 'ಶಿವತತ್ತ್ವರತ್ನಾಕರ' ಎಂಬ ದೊಡ್ಡ ಸಂಸ್ಕೃತ ವಿಶ್ವಕೋಶ ಬರೆದ. ನಗರದ ಹತ್ತಿರ ಕೊಪ್ಪಲು ಮಠದಲ್ಲಿ ಅರಸರ ಸಮಾಧಿಗಳನ್ನು ತೋರಿಸುತ್ತಾರೆ, ಚೆನ್ನಮ್ಮನ ಸಮಾಧಿಯೂ ಅಲ್ಲಿದೆ ಅನ್ನುತ್ತಾರೆ. ಪಟ್ಟಿಯಲ್ಲಿ ಅದನ್ನು ಮಗಳು ತಾನೇ ಬರೆದಳು, ಕೆಂಪು ಪೆನ್ನಿನಲ್ಲಿ.

ರಾಜಧಾನಿಯ ಕೊನೆ ಇನ್ನೊಬ್ಬ ರಾಣಿಯ ಕಾಲದಲ್ಲಿ ಆಯಿತು. 1763ರಲ್ಲಿ ಹೈದರಾಲಿ ಬಂದ. ಸೆರೆಯಲ್ಲಿದ್ದ ಬಿದನೂರಿನ ಹಳೇ ಮಂತ್ರಿಯೊಬ್ಬ ಊರೊಳಗೆ ಹೋಗುವ ಗುಟ್ಟಿನ ದಾರಿ ತೋರಿಸಿದ. ಗುಡ್ಡ, ಕಾಡು ಎಲ್ಲ ಇದ್ದೂ ಒಳಗಿನವನೇ ದಾರಿ ತೋರಿಸಿದರೆ ಕೋಟೆ ಏನು ಮಾಡುತ್ತದೆ? ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಇಡಲು ಹೇಳಿ ಬಲ್ಲಾಳರಾಯನದುರ್ಗಕ್ಕೆ ಓಡಿದರು. ಅದು ನಮ್ಮ ಜಿಲ್ಲೆಯದೇ, ಮೂಡಿಗೆರೆ ತಾಲ್ಲೂಕಿನ ಘಟ್ಟದ ಅಂಚಿನಲ್ಲಿದೆ, ಈಗ ಹುಡುಗರು ಚಾರಣಕ್ಕೆ ಹೋಗುತ್ತಾರೆ. ಅಲ್ಲಿಯೂ ಬಿಡದೆ ಹಿಡಿದು ಮಧುಗಿರಿ ಕೋಟೆಯಲ್ಲಿ ಸೆರೆ ಇಟ್ಟರು. ಮರದ ಅರಮನೆ ಅರ್ಧ ಹೋದದ್ದು ಆ ಬೆಂಕಿಯಲ್ಲಿ, ಉಳಿದರ್ಧ ಮಳೆಯಲ್ಲಿ.

ಬಿದನೂರಿನಲ್ಲಿ ಸಿಕ್ಕ ಸಂಪತ್ತನ್ನು ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡ್ ಅಂತ ಅಂದಾಜು ಮಾಡಿದ. ಅಂದಾಜು ಹೆಚ್ಚಾಯಿತು ಅಂತಲೇ ಇಟ್ಟುಕೊಳ್ಳಿ. ತನ್ನ ಏಳಿಗೆಗೆಲ್ಲ ಬಿದನೂರೇ ಬುನಾದಿ ಅಂತ ಹೈದರ್ ಹೇಳುತ್ತಿದ್ದನಂತೆ. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ, ಇಲ್ಲೇ ರಾಜಧಾನಿ ಮಾಡುವ ಮನಸ್ಸೂ ಇತ್ತು. ಇಲ್ಲಿಯ ಟಂಕಸಾಲೆಯಲ್ಲಿ ಚಿನ್ನದ ಹೊನ್ನು ಹೊಡೆಸಿದಾಗ ಒಂದು ಮುಖದಲ್ಲಿ ಕೆಳದಿಯವರ ಶಿವ-ಪಾರ್ವತಿಯ ಚಿತ್ರವನ್ನೇ ಉಳಿಸಿಕೊಂಡ, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಸಂತೆಯಲ್ಲಿ ನಾಣ್ಯ ನಡೆಯಬೇಕಾದರೆ ಜನರಿಗೆ ಗುರುತಿದ್ದ ಚಿತ್ರ ಬೇಕಲ್ಲ! ಶ್ರೀರಂಗಪಟ್ಟಣದ ವೈಭವ ನೋಡಿ ಬೆರಗಾಗುವ ನಮಗೆ, ಅದರಲ್ಲಿ ಒಂದು ಪಾಲು ನಮ್ಮ ಮೆಣಸು, ಅಡಿಕೆ, ಭತ್ತದಿಂದ ಹೋದದ್ದು ಅಂತ ಗೊತ್ತಿರುವುದು ಒಳ್ಳೆಯದು. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ನಗರವನ್ನು ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ವಾಪಸು ತೆಗೆದುಕೊಂಡ. ಪ್ರತಿ ಸಲವೂ ಊರು ಮತ್ತಷ್ಟು ಹಾಳಾಯಿತು.

ಅರಸರು ಹೋದರು, ಆದರೆ ನಗರದ ಹೆಸರಿನ ಬಲ ಹೋಗಲಿಲ್ಲ. ಈ ಭಾಗ ನಮ್ಮ ಶಾಲೆಗಳಲ್ಲಿ ಸರಿಯಾಗಿ ಹೇಳಿಕೊಡುವುದಿಲ್ಲ. 1830ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಇಷ್ಟು ಕಂದಾಯ ಎತ್ತಿಕೊಡುತ್ತೇನೆ ಅಂತ ಅಮಲ್ದಾರರಿಂದ ಕರಾರು ಬರೆಸಿಕೊಳ್ಳುವ ಪದ್ಧತಿ ಇತ್ತು. ಕರಾರು ಬರೆದವನು ರೈತನನ್ನು ಹಿಂಡುತ್ತಿದ್ದ. ಶಿಸ್ತಿನ ಲೆಕ್ಕ ನೋಡಿದ್ದ ಜನಕ್ಕೆ ಇದು ಹೇಗೆ ಸಹನೆಯಾದೀತು? ನಗರ ಸೀಮೆಯ ರೈತರು ಊರೂರಿನಿಂದ ಬಂದು ಕೂಟ ಸೇರಿದರು. ಆ ಹೊತ್ತಿಗೆ ಬೂದಿ ಬಸವಪ್ಪ ಎಂಬವನು, ತಾನು ಬಿದನೂರು ಅರಸರ ವಂಶದವನು, ನಗರದ ಖಾವಂದ ಅಂತ ಹೇಳಿಕೊಂಡು ಎದ್ದ. ಅವನ ನಿಜವಾದ ಹೆಸರು ಸಾದರ ಮಲ್ಲ, ಅರಸು ವಂಶಕ್ಕೂ ಅವನಿಗೂ ಸಂಬಂಧ ಇರಲಿಲ್ಲ. ಆದರೂ ಜನ ಅವನ ಹಿಂದೆ ನಿಂತರು. ಸಿಂಹಾಸನ ಖಾಲಿಯಾಗಿ 67 ವರ್ಷವಾದ ಮೇಲೂ ಆ ಹೆಸರಿಗೆ ಜನ ಸೇರುತ್ತಿದ್ದರು ಅನ್ನುವುದನ್ನು ಗಮನಿಸಿ. ತರೀಕೆರೆಯ ಪಾಳೆಯಗಾರರೂ ದಂಗೆಗೆ ಸೇರಿಕೊಂಡರು. ದಂಗೆಯನ್ನು ಅಡಗಿಸಲು ಇಂಗ್ಲಿಷ್ ಸೈನ್ಯ ಬಂತು. ಅದೇ ನೆಪದಲ್ಲಿ 1831ರಲ್ಲಿ ಮೈಸೂರಿನ ಆಡಳಿತವನ್ನೇ ಇಂಗ್ಲಿಷರು ಒಡೆಯರಿಂದ ತೆಗೆದುಕೊಂಡರು. ಅದು ವಾಪಸು ಬಂದದ್ದು 1881ರಲ್ಲಿ. ಅಂದರೆ ಮೈಸೂರು ಅರಮನೆಯ ಐವತ್ತು ವರ್ಷದ ಕಥೆ ತಿರುಗಿದ್ದು ನಮ್ಮ ಕಡೆಯ ಗದ್ದೆ, ತೋಟದ ಜನರ ಸಿಟ್ಟಿನಿಂದ.

ಇಂಗ್ಲಿಷರು ರಾಜ್ಯವನ್ನು ನಾಲ್ಕು ಫೌಜುದಾರಿಗಳಾಗಿ ಮಾಡಿದಾಗ ಒಂದಕ್ಕೆ ಹೆಸರು ನಗರ. 1863ರಲ್ಲಿ ಕಡೂರು ಜಿಲ್ಲೆ ಆದಾಗಲೂ ಅದು ನಗರ ವಿಭಾಗದಲ್ಲೇ ಇತ್ತು. ನಮ್ಮ ಹಳೇ ಕಾಗದಪತ್ರಗಳಲ್ಲಿ ನಗರ ಅಂತ ಕಂಡರೆ ಅದು ಪೇಟೆ ಅನ್ನುವ ಅರ್ಥದ್ದಲ್ಲ, ಈ ಊರು. ಆಮೇಲೆ 1893ರಲ್ಲಿ ತಾಲ್ಲೂಕು ಕಚೇರಿಯನ್ನೂ ನಗರದಿಂದ ಕಲ್ಲೂರುಕಟ್ಟೆಗೆ ಎತ್ತಿದರು, ಕಲ್ಲೂರುಕಟ್ಟೆ ಹೊಸನಗರವಾಯಿತು. ರಾಜಧಾನಿ ಹೋಬಳಿಯಾಗಿ ಉಳಿಯಿತು.

ಇನ್ನು ಪಟ್ಟಿಯ ವಿಷಯ. ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇವೆ.

ಶನಿವಾರ ಬೆಳಿಗ್ಗೆ ಆರಕ್ಕೇ ಹೊರಡುವುದು. ಕೊಪ್ಪ, ಎನ್.ಆರ್.ಪುರದವರಿಗೆ ಕೊಪ್ಪ-ತೀರ್ಥಹಳ್ಳಿ ರಸ್ತೆ. ಶೃಂಗೇರಿಯವರು ಆಗುಂಬೆ ಕಡೆಯಿಂದಲೂ ತೀರ್ಥಹಳ್ಳಿಗೆ ಬರಬಹುದು. ತೀರ್ಥಹಳ್ಳಿಯಿಂದ ನಗರದ ದಾರಿಯಲ್ಲಿ ಕವಲೇದುರ್ಗ ಸಿಗುತ್ತದೆ. ಕೆಳದಿಯವರ ಗಟ್ಟಿ ಕೋಟೆ ಅದು, ಒಂದರೊಳಗೊಂದು ಸುತ್ತು, ಮೇಲೆ ದೇವಸ್ಥಾನ, ಅರಮನೆಯ ತಳಪಾಯ. ಗಟ್ಟಿ ಕಾಲಿನವರು ಇದನ್ನು ಬಿಡಬಾರದು. ಆದರೆ ಹತ್ತಬೇಕು. ಹತ್ತಿ ಇಳಿಯಲು ಅರ್ಧ ದಿನ ಹೋಗುತ್ತದೆ. ನಾವು ಕವಲೇದುರ್ಗವನ್ನು ಪಟ್ಟಿಯಲ್ಲಿ ಬರೆದು ಮತ್ತೆ ಹೊಡೆದು ಹಾಕಿದೆವು. ಅಮ್ಮನನ್ನು ಮತ್ತೊಮ್ಮೆ ಮರದ ಬುಡದಲ್ಲಿ ಕೂರಿಸಿ ನಾವು ನೋಡಿ ಬರುವುದು ಬೇಡ. ಮಗಳು ದೊಡ್ಡವಳಾದ ಮೇಲೆ ಅವಳ ಗೆಳತಿಯರ ಜೊತೆ ಹೋಗಲಿ.

ಹಾಗಾಗಿ ನೇರ ನಗರಕ್ಕೆ. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ, ತುಂಬಾ ಎತ್ತರವೇನಿಲ್ಲ, ನಿಧಾನಕ್ಕೆ ನಡೆದರೆ ಅಮ್ಮನೂ ಹತ್ತಬಹುದು. ಒಳಗೆ ದರ್ಬಾರಿನ ತಳಪಾಯ, ಅಕ್ಕ-ತಂಗಿ ಕೊಳ. ಕೊಳವನ್ನು ಸಾವಕಾಶವಾಗಿ ನೋಡಿ, ಮಲೆನಾಡಿನ ಅರಸರು ಕಲ್ಲನ್ನು ಮನಸ್ಸಿಟ್ಟು ಕಟ್ಟಿಸಿದ್ದು ನೀರಿಗೆ. ಅದು ಪೂರ್ತಿ ಗೊತ್ತಾಗುವುದು ಊರಿನಿಂದ ಸ್ವಲ್ಪ ದೂರದ ದೇವಗಂಗೆಯಲ್ಲಿ. ಕಾಡಿನ ನಡುವೆ ಒಂದಕ್ಕೊಂದು ಸೇರಿದ ಹಾಗೆ ಕೊಳಗಳು, ಒಂದು ತಾವರೆಯ ಆಕಾರ, ಒಂದು ನಕ್ಷತ್ರದ ಆಕಾರ. ಗುಡ್ಡದಿಂದ ಬರುವ ನೀರು ಒಂದರಿಂದ ಒಂದಕ್ಕೆ ಹರಿಯುತ್ತದೆ. ನಮ್ಮ ತೋಟಕ್ಕೆ ಅಬ್ಬಿ ನೀರು ತರುವವರಿಗೆ ಅದರ ಲೆಕ್ಕ ಕೂಡಲೇ ತಿಳಿಯುತ್ತದೆ. ಮಕ್ಕಳು ನೀರಿಗೆ ಇಳಿಯಲು ಹಠ ಮಾಡುತ್ತಾರೆ, ಕಲ್ಲು ಪಾಚಿಗಟ್ಟಿರುತ್ತದೆ, ಕೈ ಹಿಡಿದುಕೊಳ್ಳಿ. ಮಳೆಗಾಲದಲ್ಲಿ ಹೋದರೆ ಇಂಬಳಕ್ಕೆ ಉಪ್ಪು, ಸುಣ್ಣ ಜೊತೆಗಿರಲಿ.

ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಸರಿ. ರಾತ್ರಿ ಉಳಿಯಲು ಹೊಸನಗರ ದಾಟಿ ಸಾಗರ ಅನುಕೂಲ. ಈ ಸಲ ಲಾಡ್ಜಿಗೆ ಮುಂಗಡ ಕೊಟ್ಟು ರಸೀದಿ ತೆಗೆದುಕೊಂಡಿದ್ದೇವೆ. ಬಸ್ಸಿನಲ್ಲಿ ಹೋಗುವವರು ನಗರದಿಂದ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.

ಭಾನುವಾರ ಬೆಳಿಗ್ಗೆ ಇಕ್ಕೇರಿ, ಆಮೇಲೆ ಕೆಳದಿ. ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ದೇವಸ್ಥಾನಗಳಿವೆ, ಚಾವಣಿಯಲ್ಲಿ ಗಂಡಭೇರುಂಡ ಇದೆ. ಊರಿನ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು. ಮನೆಮನೆ ತಿರುಗಿ ತಾಳೆಗರಿ, ಕಡತ ಕೂಡಿಸಿದವರು. ನಿಮ್ಮ ಅಟ್ಟದ ಮೇಲೂ ಹಳೇ ಕಡತ ಇದ್ದರೆ ಒಲೆಗೆ ಹಾಕುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಮಧ್ಯಾಹ್ನ ಅಲ್ಲಿಂದ ಹೊರಟರೆ ಶಿವಮೊಗ್ಗದ ಮೇಲೆ ರಾತ್ರಿಯೊಳಗೆ ಮನೆ ಸೇರಬಹುದು.

ನೋಡುವವರಿಗೆ ಇದು ಹಿಂದುಮುಂದಾದ ದಾರಿ, ಕೊನೆಯ ರಾಜಧಾನಿ ಮೊದಲು, ಮೊದಲನೆಯದು ಕೊನೆಗೆ. ಸರಿಯಾದ ಕ್ರಮದಲ್ಲಿ ಹೋಗಬೇಕು ಅಂತ ಮಗಳು ವಾದ ಮಾಡಿದಳು. ಆದರೆ ಅಮ್ಮನ ಮಂಡಿ ಮೊದಲನೇ ದಿನ ಚೆನ್ನಾಗಿರುತ್ತದೆ, ಎರಡನೇ ದಿನ ಹೇಳಲಾಗುವುದಿಲ್ಲ. ನಗರ ಮೊದಲೇ ಇರಲಿ ಅಂತ ಕೊನೆಗೆ ಅವಳೂ ಒಪ್ಪಿದಳು.

ಪಟ್ಟಿ ಓದಿ ಹೇಳಿದಾಗ ಅಮ್ಮ ಒಂದು ತಿದ್ದುಪಡಿ ಹೇಳಿದರು. ಕೋಟೆ, ಕೊಳ ಆದ ಮೇಲೆ ಹೊಸನಗರದ ದಾರಿಯಲ್ಲಿ ಹಿನ್ನೀರು ಕಾಣುವ ಒಂದು ಜಾಗದಲ್ಲಿ ಗಾಡಿ ನಿಲ್ಲಿಸಬೇಕಂತೆ. ಎಷ್ಟು ಹೊತ್ತು ಅಂತ ಕೇಳಿದೆವು. "ಹೊತ್ತು ಎಲ್ಲ ಬರೀಬೇಡಿ" ಅಂದರು. ಹಾಗಾಗಿ ಶನಿವಾರ ಸಂಜೆ ನಾಲ್ಕರ ನಂತರದ ಜಾಗವನ್ನು ಖಾಲಿ ಬಿಟ್ಟಿದ್ದೇವೆ.